ಅಮ್ಮನ ಕಡೆ, ಮಗಳ ಕಡೆ

ಅಪ್ಪಾ,

ನೀವು ಹೋದ ಮೇಲೆ ಮೂಲೆ ಸೇರಿದ್ದ ನಿಮ್ಮ ಪುಟ್ಟ ಸ್ಟೀರಿಯೋವನ್ನು ಇವತ್ತು ನಡುಮನೆಯಲ್ಲಿ ಜೋಡಿಸಿದೆ. ಸ್ಪೀಕರ್ ವೈರುಗಳಿಗೆ ಅಂಟಿಸಿದ ಟೇಪಿನ ಮೇಲೆ ನೀವು ಎಡ, ಬಲ ಎಂದು ಬರೆದಿರಲಿಲ್ಲ. ಒಂದರಲ್ಲಿ ‘ಅಮ್ಮನ ಕಡೆ’, ಇನ್ನೊಂದರಲ್ಲಿ ‘ಮಗಳ ಕಡೆ’ ಎಂದಿತ್ತು. ನಾನು ಮನೆ ಬಿಟ್ಟು ಏಳು ವರ್ಷ. ಟೇಪು ಮಾತ್ರ ಹೊಸದು.

ಅಮ್ಮನ ಜೊತೆ ಜಗಳವಾಡಿ ಹೊರಟ ದಿನ, “ನೀವ್ಯಾರ ಕಡೆ, ಹೇಳಿಬಿಡಿ!” ಎಂದು ಕೂಗಿದ್ದೆ. 

ಹಾಡು ಹಾಕಿದೆ. “ನನ್ನ ಕಡೆ ಕಮ್ಮಿ ಕೇಳ್ತಿದೆ ಕಣೇ,” ಅಂದಳು ಅಮ್ಮ. ನನಗೂ ನನ್ನ ಕಡೆಯೇ ಕಮ್ಮಿ ಎನ್ನಿಸಿತ್ತು. ಯಾವ ಕಡೆ ದನಿ ಹೆಚ್ಚು ಬೇಕೋ ಆ ಕಡೆ ತಿರುಗಿಸುವ ಬ್ಯಾಲೆನ್ಸ್ ಗುಂಡಿಗೆ ಕೈಹಾಕಿದರೆ ಅಲುಗಲೇ ಇಲ್ಲ. ನಟ್ಟನಡುವೆ ನಿಲ್ಲಿಸಿ ಅಂಟು ಹಾಕಿಬಿಟ್ಟಿದ್ದೀರಿ. ಎಂಥಾ ಮನುಷ್ಯರಪ್ಪಾ ನೀವು!

ಕೊನೆಗೆ, ನಡುವೆ ಖಾಲಿ ಬಿದ್ದಿದ್ದ ನಿಮ್ಮ ಕುರ್ಚಿಯಲ್ಲಿ ಕೂತು ನೋಡಿದೆ. ಅಲ್ಲಿಗೆ ಎರಡೂ ಕಡೆಯದು ಕೇಳುತ್ತದೆ, ಅಪ್ಪಾ.