ಹಿಣಿಲಗುಡ್ಡದ ಮರೆಗಾಳಿಯೂ ಹೇಳಿದ ಹೊತ್ತಿಗೇ ಶುರುವಾದ ಸಭೆಯೂ

ಕಂಪ್ಲಿ,
ಆಗಸ್ಟ್ 2007

ಸಾರ್ವಜನಿಕ ಅಹವಾಲು ಸಭೆಯನ್ನು ಹೇಳಿದ ಹೊತ್ತಿಗೆ ಸರಿಯಾಗಿ ಶುರು ಮಾಡಿದ ಮಾನ್ಯ ಅಧಿಕಾರಿಗಳೇ,

ಹಿಣಿಲಗುಡ್ಡದ ನೆತ್ತಿಯನ್ನು ಗಣಿಗೆ ಕೊಡುವ ಕುರಿತು ಕಳೆದ ಆಷಾಢದಲ್ಲಿ ನೀವು ನಡೆಸಿದ ಸಭೆ ‘ಶಾಂತಿಯುತವಾಗಿ ಜರುಗಿತು, ಗ್ರಾಮಸ್ಥರಿಂದ ಯಾವುದೇ ಆಕ್ಷೇಪಣೆ ವ್ಯಕ್ತವಾಗಲಿಲ್ಲ’ ಎಂದು ವರದಿ ಮಾಡಿದ್ದೀರಿ. ಶಾಂತಿಯುತವಾಗಿ ಜರುಗಿದ್ದು ನಿಜ. ಖಾಲಿ ಕುರ್ಚಿಗಳು ಎದ್ದು ನಿಂತು ಗಲಾಟೆ ಮಾಡಿದ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಇನ್ನೂ ಇಲ್ಲ. ಆದರೆ ಆಕ್ಷೇಪಣೆ ಇರಲಿಲ್ಲ ಎನ್ನುವುದು ಸುಳ್ಳು. ಆಕ್ಷೇಪಣೆ ಇತ್ತು, ಗುಡ್ಡದ ಪಕ್ಕೆಯಲ್ಲಿ ನಿಂತಿತ್ತು, ನಿಮ್ಮಲ್ಲಿಗೆ ಬರಲು ದಾರಿ ಕೇಳುತ್ತಿತ್ತು. ಅದನ್ನು ತಡೆದು ನಿಲ್ಲಿಸಿದವನು ನಾನು. ನಿಮ್ಮನ್ನು ಬೈಯುವುದಕ್ಕೇ ಈ ಪತ್ರಕ್ಕೆ ಕೂತೆ, ಆದರೆ ಪ್ರತಿ ಸಾಲಿನಲ್ಲೂ ಮೊದಲು ನನ್ನ ಮುಖವೇ ಕಾಣುತ್ತಿದೆ, ಏನು ಮಾಡಲಿ?

ನಾನು ಯಾರೆಂದು ನಿಮಗೆ ನೆನಪಿರಬೇಕು. ಅಂದು ಸಭೆ ಮುಗಿದ ಮೇಲೆ ನನಗೆ ಶಾಲು ಹೊದಿಸಿ ಕೈಕುಲುಕಿದ್ದೀರಿ. ಕಂಪ್ಲಿಯ ಅಕ್ಕಿ ಗಿರಣಿಯವನು, ಮೀಸೆ ನರೆತ ಮೇಲೂ ಆಟದ ವಿಮಾನ ಹಾರಿಸುವವನು. ನನ್ನ ವಿಮಾನಕ್ಕೆ ಎಂಜಿನ್ ಇಲ್ಲ. ನನ್ನ ಎರಡು ಕೈ ಚಾಚಿದಷ್ಟು ಉದ್ದದ ರೆಕ್ಕೆಯ ಗ್ಲೈಡರ್, ಕೈಯಲ್ಲೊಂದು ರಿಮೋಟ್, ಅಷ್ಟೇ. ಆದರೂ ಅದು ಹೊಸಪೇಟೆಯಲ್ಲಿ ನಿಲ್ಲುವ ಯಾವ ರೈಲಿಗೂ ಸಿಗದ ವೇಗದಲ್ಲಿ ಓಡುತ್ತದೆ. ಹೊರದೇಶದವರು ಈ ಆಟಕ್ಕೆ ಡೈನಾಮಿಕ್ ಸೋರಿಂಗ್ ಎನ್ನುತ್ತಾರೆ. ನಮ್ಮ ಗಿರಣಿಯ ಹಮಾಲರು ‘ಸಾವ್ಕಾರ್ರ ಹುಚ್ಚು’ ಎನ್ನುತ್ತಾರೆ. ಎರಡನೆಯ ಹೆಸರೇ ಸರಿ ಎಂದು ಈಗ ಅನ್ನಿಸುತ್ತಿದೆ.

ಅದು ಹೇಗೆ ಓಡುತ್ತದೆ ಎಂದು ಶಾಲು ಹೊದಿಸುವಾಗ ಕೇಳಿದಿರಿ. ನಾನು ಸಂಕೋಚದಿಂದ ಏನೋ ಹೇಳಿದೆ, ನೀವು ‘ಎಲ್ಲ ನಿಸರ್ಗದ ಕೊಡುಗೆ’ ಎಂದು ನಕ್ಕಿರಿ. ಸರಿಯಾದ ಉತ್ತರವನ್ನು ಈಗ ಕೊಡುತ್ತೇನೆ, ಏಕೆಂದರೆ ನೀವು ಸಭೆಯಲ್ಲಿ ಕೇಳಬೇಕಿದ್ದ ಉತ್ತರವೂ ಅದೇ. ನಮ್ಮ ಗಿರಣಿಯ ಅಂಗಳದಲ್ಲಿ ಗಾಳಿ ಎದ್ದರೆ ಹೊಟ್ಟು ಹಾರಿಹೋಗುತ್ತದೆ, ಗೋಡೆಯ ಹಿಂದಿನದು ಮಾತ್ರ ಹಾಗೇ ಬಿದ್ದಿರುತ್ತದೆ. ಗುಡ್ಡವೂ ಹಾಗೆಯೇ. ಆಷಾಢದ ಪಡುವಣ ಗಾಳಿ ಹಿಣಿಲಗುಡ್ಡಕ್ಕೆ ಬಡಿದು, ಎತ್ತಿನ ಹಿಣಿಲಿನಂತೆ ಎದ್ದ ಅದರ ನೆತ್ತಿಯ ಮೇಲೆ ಭೋರೆಂದು ಹಾದುಹೋಗುತ್ತದೆ. ನೆತ್ತಿಯ ಹಿಂದೆ, ಮೂಡಣ ಇಳಿಜಾರಿನಲ್ಲಿ ಬೀಡಿ ಹಚ್ಚಿದರೆ ಕಡ್ಡಿ ಆರುವುದಿಲ್ಲ. ಗ್ಲೈಡರನ್ನು ಮೇಲಿನ ಗಾಳಿಯಿಂದ ಆ ಮರೆಗೆ ದೂಡಿ, ಅಲ್ಲಿ ಹೊರಳಿಸಿ, ಮತ್ತೆ ಗಾಳಿಗೆ ಏರಿಸಬೇಕು. ಹೀಗೆ ಸುತ್ತಿಸುತ್ತ ಹೋದರೆ ಸುತ್ತು ಸುತ್ತಿಗೂ ವೇಗ ಕೂಡುತ್ತದೆ. ಗಾಳಿ ಇರುವ ಜಾಗಕ್ಕೂ ಇಲ್ಲದ ಜಾಗಕ್ಕೂ ನಡುವೆ ಎಷ್ಟು ಅಂತರವೋ ಅಷ್ಟು ವೇಗ. ಆ ಅಂತರವನ್ನು ಹಿಡಿದಿಟ್ಟಿರುವುದು ಗುಡ್ಡದ ನೆತ್ತಿ. ನೆತ್ತಿಯನ್ನು ಕಡಿದರೆ ನನ್ನ ವಿಮಾನ ಕಾಗೆಯ ಹಾಗೆ ಹಾರುತ್ತದೆ.

ನನ್ನ ವಿಮಾನ ಹಾಳಾಗಿ ಹೋಗಲಿ. ಆ ಗಾಳಿಯಿಲ್ಲದ ಮರೆಯ ಬುಡದಲ್ಲಿ ಒಂದು ಊರಿದೆ, ಮಾನ್ಯರೇ. ಗುಡ್ಡದ ಆಚೆ, ಪಡುವಣಕ್ಕೆ, ಗಣಿಗಳು ಬಂದು ವರ್ಷಗಳಾದವು. ಯಶವಂತನಗರದ ಕಡೆಯಿಂದ ಲಾರಿಗಳು ಹಗಲಿರುಳು ಓಡುತ್ತವೆ. ಅಲ್ಲಿಯ ಊರುಗಳಲ್ಲಿ ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಮಧ್ಯಾಹ್ನಕ್ಕೆ ಕಾವಿಯಾಗಿರುತ್ತದೆ. ಈಚೆಗಿನ ಈ ಊರಲ್ಲಿ ಬಟ್ಟೆ ಇನ್ನೂ ಬಿಳಿಯಾಗಿಯೇ ಒಣಗುತ್ತಿದೆ. ಕಾರಣ ಆ ನೆತ್ತಿ. ಇದನ್ನು ಹೇಳಲು ತಜ್ಞರು ಬೇಕಿಲ್ಲ, ಆದರೆ ತಜ್ಞರೇ ಬೇಕೆಂದರೆ ಜಿಲ್ಲೆಯಲ್ಲಿ ಆ ಮರೆಗಾಳಿಯನ್ನು ಬೆರಳ ತುದಿಯಲ್ಲಿ ಬಲ್ಲವನು ನಾನೊಬ್ಬನಿದ್ದೆ. ಸಭೆಯಲ್ಲಿ ಇರಬೇಕಿದ್ದ ಮೊದಲ ಸಾಕ್ಷಿ ಅಂದು ಗುಡ್ಡದ ಮೇಲೆ ನಿಂತು ಚಪ್ಪಾಳೆ ಗಿಟ್ಟಿಸುತ್ತಿದ್ದ.

ಅಲ್ಲಿಗೆ ನನ್ನನ್ನು ಕರೆದವನು ತಿಪ್ಪೇಶ. ಹೊಸಪೇಟೆಯ ಕಾಲೇಜಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು, ಈಗ ಕಂಪನಿಯಲ್ಲಿ ಜನಸಂಪರ್ಕ ನೋಡಿಕೊಳ್ಳುತ್ತಾನೆ. ಅದಕ್ಕೆ ಮುಂಚೆ ನಾನು ಆ ಗುಡ್ಡ ಹತ್ತಲು ಹೋದಾಗಲೆಲ್ಲ ಕಂಪನಿಯ ಗೇಟಿನವರು ಜೀಪಿನಲ್ಲಿದ್ದ ಗ್ಲೈಡರ್ ನೋಡಿ, ಮೇಲಿಂದ ಗಣಿಯ ಫೋಟೊ ತೆಗೆಯುವವನೆಂದು ವಾಪಸ್ ಅಟ್ಟುತ್ತಿದ್ದರು. ತಿಪ್ಪೇಶ ಪಾಸ್ ಕೊಡಿಸಿದ. ಊರಿನವರಿಗೆಲ್ಲ ಒಂದು ದಿನ ಆಟ ತೋರಿಸು, ಆಮೇಲೆ ವರ್ಷವಿಡೀ ನಿನ್ನ ಗುಡ್ಡ ಎಂದ. ಅದೇ ದಿನ ಸಾಲೆಯ ಅಂಗಳದಲ್ಲಿ ಗಣಿ ಲೀಸಿನ ಸಭೆಯೂ ಇದೆ ಎಂದ. ಹೇಳಲಿಲ್ಲ ಎಂದು ಸುಳ್ಳು ಬರೆಯಲಾರೆ. ಯಾವ ಗುಡ್ಡದ ಲೀಸು ಎಂದು ಕೇಳುವ ಗೋಜಿಗೆ ನಾನೇ ಹೋಗಲಿಲ್ಲ. ಕಂಪನಿಯಿಂದ ಒಂದು ರೂಪಾಯಿ ಮುಟ್ಟಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ, ಆದರೆ ಹಾಗೆ ಹೇಳಿದಷ್ಟೂ ನಾಚಿಕೆ ಹೆಚ್ಚುತ್ತದೆ. ದುಡ್ಡಿಗೆ ಮಾರಿಕೊಂಡವನಿಗಾದರೂ ಲೆಕ್ಕ ಇರುತ್ತದೆ. ನಾನು ಬರೀ ಹೊಗಳಿಕೆಗೆ ಹೋದೆ.

ನಿಮ್ಮ ಸಭೆಯ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬಂದಿತ್ತಂತೆ. ನನ್ನ ಪ್ರಕಟಣೆ ಆಟೋದ ಮೈಕಿನಲ್ಲಿ ಓಣಿ ಓಣಿ ತಿರುಗಿತು. ಎಂಜಿನ್ ಇಲ್ಲದ ವಿಮಾನ, ಕಣ್ಣು ಮಿಟುಕಿಸುವುದರಲ್ಲಿ ಮಾಯ, ಬನ್ನಿರಿ ನೋಡಿರಿ. ಯಾರು ಬಾರದೇ ಇರುತ್ತಾರೆ? ಕಂಪನಿಯ ಗಾಡಿಗಳಲ್ಲಿ ಊರಿಗೆ ಊರೇ ಗುಡ್ಡದ ಪಕ್ಕೆಗೆ ಬಂದು ಇಳಿಯಿತು. ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದಿದ್ದರು. ಸಭೆಗೆ ಹೋಗುವ ಮನಸ್ಸಿದ್ದವರೂ ಆಟ ನೋಡಿಕೊಂಡೇ ಇಳಿದು ಹೋದರಾಯಿತು ಎಂದು ಬಂದಿದ್ದರು. ಜನರನ್ನು ಇಳಿಸಿದ ಗಾಡಿಗಳು ಮಾತ್ರ ಹಿಂದಿರುಗಿ ಬರಲಿಲ್ಲ. ಅದು ಆಗ ನನ್ನ ಗಮನಕ್ಕೂ ಬರಲಿಲ್ಲ.

ಈ ಆಟಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ. ಗ್ಲೈಡರ್ ಸುತ್ತುತ್ತಿರುವಾಗ ಹಿಂಬದಿಯ ಇಳಿಜಾರಿನಲ್ಲಿ ನರಪ್ರಾಣಿ ಇರಕೂಡದು. ಆ ವೇಗದಲ್ಲಿ ಅದು ಮನುಷ್ಯನಿಗೆ ತಾಗಿದರೆ ಆಸ್ಪತ್ರೆಯ ಮಾತೇ ಇಲ್ಲ. ಗುಡ್ಡದ ಪಕ್ಕೆಯಿಂದ ಸಾಲೆಗೆ ಇಳಿಯುವ ಕಾಲುದಾರಿ ಸರಿಯಾಗಿ ಆ ಇಳಿಜಾರಿನಲ್ಲೇ ಹಾಯುತ್ತದೆ. ನಾನು ದಾರಿಗೆ ಅಡ್ಡ ಹಗ್ಗ ಕಟ್ಟಿಸಿದೆ. ವಿಮಾನ ಇಳಿಯುವ ತನಕ ಯಾರೂ ಕದಲಬಾರದು ಎಂದು ಕೂಗಿ ಹೇಳಿದೆ. ಜೀವ ಉಳಿಸುವ ಜವಾಬ್ದಾರಿಯ ಗತ್ತು ಬೇರೆ ನನಗೆ! ಗಾಡಿಗಳಿಲ್ಲದ ಮೇಲೆ ನಿಮ್ಮ ಸಭೆಗೆ ಉಳಿದಿದ್ದ ಒಂದೇ ದಾರಿಯನ್ನು ಪೊಲೀಸರಿಲ್ಲದೆ, ಲಾಠಿಯಿಲ್ಲದೆ, ಬರೀ ಒಂದು ಹಗ್ಗದಿಂದ ಮುಚ್ಚಿಕೊಟ್ಟೆ.

ಗಾಳಿ ಅಂದು ಎಂದೂ ಸಿಗದಂಥ ಗಾಳಿ. ಕ್ರಿಕೆಟ್ ಬೌಲಿಂಗಿನ ವೇಗ ಅಳೆಯುವ ಯಂತ್ರ ಹಿಡಿದು ತಿಪ್ಪೇಶ ನನ್ನ ಪಕ್ಕದಲ್ಲಿ ನಿಂತು ಅಂಕಿ ಕೂಗುತ್ತಿದ್ದ. ಪ್ರತಿ ಸುತ್ತಿಗೂ ಬಟ್ಟೆ ಹರಿದಂಥ ಸದ್ದು, ಜನರದ್ದು ಒಂದೇ ಹೋ. ವೇಗ ಇನ್ನೂರು ಕಿಲೋಮೀಟರ್ ದಾಟಿತು, ಇನ್ನೂರೈವತ್ತರ ಹತ್ತಿರ ಬಂತು. ನನಗೆ ಬೇರೇನೂ ಕಾಣುತ್ತಿರಲಿಲ್ಲ. ಆಗ ಯಾರೋ ಹಗ್ಗದ ಹತ್ತಿರ ಬಂದು ನಿಂತರು. ಅದೇ ಊರಿನ ಚೆನ್ನಬಸಮ್ಮ, ನನ್ನ ಅಕ್ಕನ ವಯಸ್ಸಿನವರು ಎಂದು ಆಮೇಲೆ ತಿಳಿಯಿತು.

“ಯಪ್ಪಾ, ಸಾಲ್ಯಾಗ ಸಭಾ ಐತಂತ. ನಾ ಎರಡು ಮಾತು ಆಡಬೇಕು. ಒಂದೀಟು ದಾರಿ ಬಿಡ್ರಿ” ಎಂದರು.

ನಾನು ಅವರ ಮುಖವನ್ನೂ ನೋಡಲಿಲ್ಲ, ಮಾನ್ಯರೇ. ಕಣ್ಣು ವಿಮಾನದ ಮೇಲಿಟ್ಟೇ ಹೇಳಿದೆ: “ಸರ್ಕಾರಿ ಸಭಾ ಯಮ್ಮಾ, ಹೇಳಿದ ಹೊತ್ತಿಗೆ ಯಾವಾಗ ಶುರು ಆಗೇತಿ? ಸಾಹೇಬ್ರು ಇನ್ನಾ ಬಳ್ಳಾರಿನಾ ಬಿಟ್ಟಿರಾಂಗಿಲ್ಲ. ನಿಂದರ್ರಿ.”

ಸುತ್ತಲಿದ್ದವರೆಲ್ಲ ನಕ್ಕರು. ಅವರೂ ನಕ್ಕು ನಿಂತರು. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ಈ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಯಾರನ್ನಾದರೂ ಕೇಳಿ. ಹನ್ನೊಂದಕ್ಕೆ ಎಂದರೆ ನಿಮ್ಮ ಇಲಾಖೆಯ ಜೀಪು ಊಟದ ಹೊತ್ತಿಗೆ ಬರುತ್ತದೆ, ಊಟ ಮುಗಿದ ಮೇಲೆ ಸಭೆ. ಪರಿಹಾರ ಕೇಳಲು ಬಂದವರು ನಿಮ್ಮ ಜಗುಲಿಯ ಮೇಲೆ ದಿನಗಟ್ಟಲೆ ಕಾದದ್ದುಂಟು, ಪಂಪ್‌ಸೆಟ್ಟಿನ ಕರೆಂಟಿಗೆ ಅರ್ಜಿ ಹಾಕಿದವರು ಮೊಮ್ಮಕ್ಕಳನ್ನು ಕಂಡದ್ದುಂಟು. ನಿಮ್ಮ ತಡಕ್ಕೆ ನಾವು ಎಷ್ಟು ಒಗ್ಗಿಹೋಗಿದ್ದೇವೆ ಎಂದರೆ ಅದನ್ನೇ ನಂಬಿ ಮದುವೆ ಮುಂಜಿ ಇಟ್ಟುಕೊಳ್ಳುತ್ತೇವೆ. ಆ ನಂಬಿಕೆಯನ್ನು ನೀವು ಮುರಿಯಲು ಆರಿಸಿಕೊಂಡದ್ದು ಈ ಒಂದೇ ದಿನ! ಹೇಳಿದ ಗಂಟೆಗೆ ಬಂದಿರಿ, ಹೇಳಿದ ಗಂಟೆಗೆ ದೀಪ ಹಚ್ಚಿದಿರಿ, ನಾನು ಇನ್ನೊಂದು ಸುತ್ತು ಎನ್ನುವುದರೊಳಗೆ ವಂದನಾರ್ಪಣೆಯನ್ನೂ ಮುಗಿಸಿದಿರಿ. ಇಷ್ಟು ಚುರುಕಾದ ಅಧಿಕಾರಿ ಈ ಜಿಲ್ಲೆಯಲ್ಲಿ ಇಷ್ಟು ದಿನ ಎಲ್ಲಿದ್ದಿರಿ?

ನಿಮ್ಮ ಮುಂದಿನ ಸಾಲಿನಲ್ಲಿ ಕಂಪನಿಯ ಬಸ್ಸಿನಲ್ಲಿ ಬಂದ ಕಂಪನಿಯ ನೌಕರರಿದ್ದರು. ಅವರ ಹಿಂದೆ ಖಾಲಿ. ಊರಿಗೆ ಊರೇ ಗುಡ್ಡದ ಮೇಲೆ ಹೋ ಎನ್ನುವುದು ನಿಮ್ಮ ಮೈಕಿಗೂ ಕೇಳಿಸುತ್ತಿತ್ತು ಎಂದು ಶಾಮಿಯಾನದವರು ಹೇಳಿದರು. ನೀವೇ ಒಮ್ಮೆ ಹೊರಗೆ ಬಂದು ಹಣೆಗೆ ಕೈ ಹಚ್ಚಿ ನೋಡಿದಿರಂತೆ. ಯಾರ ಅಹವಾಲು ಕೇಳಲು ಬಂದಿದ್ದಿರೋ ಅವರೆಲ್ಲ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ನಿಂತಿದ್ದಾರೆ, ಕುರ್ಚಿಗಳು ಖಾಲಿ ಇವೆ, ಇದೇನು ವಿಚಿತ್ರ ಎಂದು ಅನ್ನಿಸಲಿಲ್ಲವೇ? ಒಬ್ಬ ಜವಾನನನ್ನು ಕಳಿಸಿ ‘ಬರ್ರಿ’ ಎನ್ನಿಸಲು ಎಷ್ಟು ಹೊತ್ತು ಬೇಕಿತ್ತು? ನೀವು ಬರಿಗಣ್ಣಿಂದ ಕಂಡ ಊರು ನಿಮ್ಮ ವರದಿಯಲ್ಲಿ ಯಾಕೆ ಇಲ್ಲ?

ಚೆನ್ನಬಸಮ್ಮ ಮತ್ತೊಮ್ಮೆ ಕೇಳಿದರು. ಇಲ್ಲಿಯವರೆಗೆ ಬೈದ ಬೈಗುಳವೆಲ್ಲ ಈಗ ನನ್ನ ಕಡೆಗೆ ತಿರುಗುತ್ತದೆ, ಏಕೆಂದರೆ ಆಗ ನಾನು ಇಳಿಸಬಹುದಿತ್ತು. ಗ್ಲೈಡರನ್ನು ಮುಂಬದಿಗೆ ತಂದು, ವೇಗ ಕಳೆದು, ನೆತ್ತಿಯ ಹುಲ್ಲಿನ ಮೇಲೆ ಕೂರಿಸುವುದು ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ಆದರೆ ತಿಪ್ಪೇಶ ಇನ್ನೂರ ಎಪ್ಪತ್ತು ಎಂದು ಕೂಗಿದ್ದ. ನನ್ನ ಜನ್ಮದಲ್ಲಿ ಅಷ್ಟು ಓಡಿಸಿರಲಿಲ್ಲ. ‘ಇನ್ನೊಂದು ಸುತ್ತು ಯಮ್ಮಾ’ ಎಂದೆ. ಆ ಇನ್ನೊಂದು ಸುತ್ತು ಎಷ್ಟು ಸುತ್ತಾಯಿತೋ ನನಗೆ ಗೊತ್ತಿಲ್ಲ. ಕೊನೆಗೆ ಇಳಿಸಿ ಹಗ್ಗ ಬಿಚ್ಚಿದಾಗ ಜನ ನನ್ನನ್ನು ಮುತ್ತಿಕೊಂಡರು. ಚೆನ್ನಬಸಮ್ಮ ಮಾತ್ರ ಒಬ್ಬರೇ ಇಳಿಜಾರಿನಲ್ಲಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಸರಸರ ಇಳಿಯುವುದು ಕಾಣಿಸಿತು.

ಸಾಲೆಯ ಅಂಗಳದಲ್ಲಿ ಕುರ್ಚಿಗಳನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದರಂತೆ. ನೀವು ಮುಖ್ಯೋಪಾಧ್ಯಾಯರ ಕೋಣೆಯೊಳಗೆ ಊಟಕ್ಕೆ ಕೂತಿದ್ದಿರಿ, ಬಾಗಿಲಲ್ಲಿ ನಿಂತವರು ಒಳಗೆ ಬಿಡಲಿಲ್ಲ. ಚೆನ್ನಬಸಮ್ಮ ಅಂಗಳದಲ್ಲಿ ಉಳಿದಿದ್ದ ಒಂದು ಕುರ್ಚಿಯಲ್ಲಿ ಕೂತು, ಹೇಳಬೇಕೆಂದು ಬಂದದ್ದನ್ನು ಶಾಮಿಯಾನ ಸುತ್ತುತ್ತಿದ್ದ ಓಬಳಪ್ಪನಿಗೆ ಹೇಳಿದರು. ಅವನು ಕೆಲಸ ನಿಲ್ಲಿಸಿ ಪೂರ್ತಿ ಕೇಳಿದ. ಸರ್ಕಾರದ ಸಾರ್ವಜನಿಕ ಅಹವಾಲು ನಡೆದದ್ದು ಅಷ್ಟೇ. ನಾನು ಬಂದು ನಿಮ್ಮಿಂದ ಶಾಲು ಹೊದಿಸಿಕೊಳ್ಳುವಾಗ ಅವರಿಬ್ಬರೂ ಅಲ್ಲೇ ಇದ್ದರು. ಯಾವ ಗುಡ್ಡದ ಲೀಸು ಎಂಬುದು ನನಗೆ ಗೊತ್ತಾದದ್ದು ಓಬಳಪ್ಪನ ಬಾಯಿಂದ, ಶಾಲು ಹೆಗಲ ಮೇಲಿರುವಾಗಲೇ.

ತಿಪ್ಪೇಶನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಸಮಾಧಾನವಾಗಿ ಕೇಳಿಸಿಕೊಂಡ. “ನಾನೇನು ಅವ್ರ ಕೈ ಹಿಡ್ಕೊಂಡಿದ್ನೇನಲೇ ಜಡೆಪ್ಪಾ? ಹಗ್ಗ ಕಟ್ಟಿಸ್ದಾವ ನೀನು” ಎಂದು ಇಟ್ಟುಬಿಟ್ಟ.

ಮರುವಾರ ಚೆನ್ನಬಸಮ್ಮನವರ ಮನೆಗೆ ಹೋದೆ. ತಪ್ಪಾಯಿತು ಎಂದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಕುಂದರ್ರಿ ಎಂದು ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು. ಒಳಗೆ ಅವರ ಮಗಳು ಸುಷ್ಮಿತಾ ಕೂಸನ್ನು ಮಲಗಿಸುತ್ತಿದ್ದಳು. ಅವಳನ್ನು ಗುಡ್ಡದ ಆಚೆಗಿನ ಊರಿಗೆ ಕೊಟ್ಟಿದ್ದಾರೆ. ಅಲ್ಲಿ ಅವಳಿಗೆ ದೂಳಿನ ಕೆಮ್ಮು ಹತ್ತಿ, ಬಸುರಿಯಾದಾಗ ಮಾತಾಡಲೂ ಆಗದಷ್ಟು ಜೋರಾಗಿತ್ತು. ತೌರಿಗೆ ಕರೆದುಕೊಂಡು ಬಂದ ಮೇಲೆ ತಿಂಗಳೊಳಗೆ ನಿಂತಿತು. ಸಭೆಯಲ್ಲಿ ಮೈಕಿನ ಮುಂದೆ ಹೇಳಬೇಕೆಂದು ಅವರು ಮಗಳ ಎದುರು ಕೂತು ಕಲಿತುಕೊಂಡ ಮಾತನ್ನು ನನಗೆ ಹೇಳಿ ತೋರಿಸಿದರು. ನಿಮ್ಮ ವರದಿಗೆ ಬೇಕಾದೀತೆಂದು ಹಾಗೇ ಬರೆಯುತ್ತೇನೆ:

“ಆ ಗುಡ್ಡ ನಮ್ಗ ಗ್ವಾಡಿ ಇದ್ದಂಗ ಐತ್ರಿ. ನನ್ನ ಮಗಳು ಉಸ್ರಾಡಾಕ ತೌರಿಗೆ ಬರ್ತಾಳ. ಗ್ವಾಡಿ ಕೆಡವಿದ್ರ ಅಕಿನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ, ಅದೊಂದು ಹೇಳ್ರಿ.”

ಹೇಳಿ, ಮಾನ್ಯರೇ. ನಾನಂತೂ ಮಜ್ಜಿಗೆಯ ಲೋಟ ಕೆಳಗಿಟ್ಟು, ಮತ್ತೊಮ್ಮೆ ಹೇಳಿಸಿಕೊಂಡು ಚೀಟಿಯಲ್ಲಿ ಬರೆದುಕೊಂಡೆ.

ಶಾಲನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕಂಪನಿಯ ಪಾಸನ್ನು ಹರಿದು ಹಾಕಿದ್ದೇನೆ. ಇದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದೂ ಗೊತ್ತು. ಆದ್ದರಿಂದ ಕೇಳುತ್ತಿದ್ದೇನೆ. ‘ಆಕ್ಷೇಪಣೆ ವ್ಯಕ್ತವಾಗಲಿಲ್ಲ’ ಎಂಬ ಸಾಲನ್ನು ಹೊಡೆದು ಹಾಕಿ, ಈ ಗಾಳಿ ನಿಲ್ಲುವುದರೊಳಗೆ ಅದೇ ಸಾಲೆಯ ಅಂಗಳದಲ್ಲಿ ಮತ್ತೆ ಸಭೆ ಕರೆಯಿರಿ. ಸಭೆಗೆ ಮುಂಚೆ ನನ್ನ ಜೊತೆ ಗುಡ್ಡಕ್ಕೆ ಬನ್ನಿ. ನೆತ್ತಿಯ ಮೇಲೊಂದು, ಹಿಂಬದಿಯಲ್ಲೊಂದು ಬೆಂಕಿಕಡ್ಡಿ ಗೀರಿ ನೋಡಿ. ನಾನು ವಿಮಾನ ತರುವುದಿಲ್ಲ. ನನ್ನ ಆಕ್ಷೇಪಣೆಯನ್ನು ಬರೆಸಲು ಸರದಿಯಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುತ್ತೇನೆ. ಮೊದಲ ಮೈಕು ಚೆನ್ನಬಸಮ್ಮನವರಿಗೆ. ತಡವಾಗಿ ಬಂದರೂ ಚಿಂತೆಯಿಲ್ಲ, ನಿಮಗಾಗಿ ಕಾಯುವುದು ನಮಗೆ ಅಭ್ಯಾಸ. ಆದರೆ ಬಂದ ಮೇಲೆ, ಅಂದು ಹಗ್ಗದ ಹತ್ತಿರ ನಿಂತು ನಾನು ಊರಿಗೆ ಕೂಗಿ ಹೇಳಿದ್ದನ್ನೇ ಈಗ ನಿಮಗೆ ಹೇಳುತ್ತೇನೆ: ಅವರ ಮಾತು ಮುಗಿಯುವ ತನಕ ಯಾರೂ ಕದಲಬಾರದು.

ಇಂತಿ,
ಒಳ್ಳೆಯ ಗಾಳಿ ಸಿಕ್ಕಿತೆಂದು ಒಂದು ಊರಿನ ಬಾಯಿಗೆ ಹಗ್ಗ ಕಟ್ಟಿದ
ಜಡೆಪ್ಪ
ಅಕ್ಕಿ ಗಿರಣಿ, ಕಂಪ್ಲಿ