ಬಂಗಾರಿಯ ಕಿವಿಗೆ ಹಾಕಿದ ಮಾತು

ಉರಿಗಾಂ ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚು,
23 ನವೆಂಬರ್ 2024, ಶನಿವಾರ ಸಂಜೆ

ಪ್ರೀತಿಯ ಅಜ್ಜೀ,

ಕಾಲು ಹೇಗಿದೆ? ಎಷ್ಟು ವಾಸಿಯಾಗಿದೆ, ಕಾಲೋ, ಅರ್ಧವೋ, ಮುಕ್ಕಾಲೋ? ಡಾಕ್ಟರು ಹೇಳಿದ ಮಾತ್ರೆ ನುಂಗುತ್ತಿದ್ದೀಯಾ, ಇಲ್ಲ ಬಾಯಲ್ಲಿಟ್ಟುಕೊಂಡು ಇಂದ್ರಾಣಿ ಅತ್ತೆ ಆಕಡೆ ತಿರುಗಿದಾಗ ತುಳಸಿ ಗಿಡಕ್ಕೆ ಉಗಿಯುತ್ತಿದ್ದೀಯಾ? ಬೇತಮಂಗಲದ ಕೆರೆ ಗಾಳಿಗೆ ಶೀತವಾಗದಂತೆ ಕಿವಿಗೆ ಬಟ್ಟೆ ಕಟ್ಟಿಕೋ. ಫೋನ್ ಮಾಡಿದರೆ ನೀನು 'ಆಂ? ಆಂ?' ಅನ್ನುವುದು, ನಾನು ಕಿರುಚುವುದು, ರೈಲಿನಲ್ಲಿ ಅಕ್ಕಪಕ್ಕದವರು ನಮ್ಮ ಮನೆ ವಿಷಯವನ್ನೆಲ್ಲ ಬಾಯಿಪಾಠ ಮಾಡಿಕೊಳ್ಳುವುದು. ಅದಕ್ಕೇ ಕಾಗದ. ಅತ್ತೆ ಮಗಳು ಸಹನ ನಿನ್ನ ಬಲಗಿವಿಯ ಹತ್ತಿರ ಕೂತು ಓದಿ ಹೇಳಲಿ. ಹೆಸರಿಗೆ ತಕ್ಕ ಹಾಗೆ ಸಹನೆಯಿಂದ ಓದೇ ಸಹನ, ನಡುನಡುವೆ ನಗಬೇಡ.

ನಾನು ಚೆನ್ನಾಗಿದ್ದೇನೆ. ಕಾಲೇಜಿನಲ್ಲಿ ಈಗಲೂ ಅತಿಥಿ ಉಪನ್ಯಾಸಕಿಯೇ. ಸಂಬಳವೂ ಅತಿಥಿಯ ಹಾಗೆ, ಬಂದಾಗ ಬಂತು. ಅಪ್ಪ, ಅಮ್ಮ ಚೆನ್ನಾಗಿದ್ದಾರೆ. ಬಂಗಾರಿ ಕೂಡ ಚೆನ್ನಾಗಿದ್ದಾಳೆ. ಈ ಕೊನೆಯ ವಾಕ್ಯವನ್ನು ಹೋದ ವಾರ ಬರೆಯುವ ಧೈರ್ಯ ಇರಲಿಲ್ಲ. ಗಾಬರಿಯಾಗಬೇಡ, ಎಲ್ಲ ಸರಿಹೋದ ಮೇಲೇ ಬರೆಯುತ್ತಿದ್ದೇನೆ.

ನೀನು ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಮಗಳ ಮನೆಗೆ ಹೋದೆಯಲ್ಲ, ಮಾರನೇ ದಿನದಿಂದಲೇ ನಿನ್ನ ಮುದ್ದಿನ ಹಸು ಮುಷ್ಕರ ಹೂಡಿತು. ಚಿನ್ನದ ಗಣಿ ಮುಚ್ಚಿದ ಮೇಲೂ ನಮ್ಮ ಮನೆ ಬಂಗಾರಿ ಮಾತ್ರ ಒಂದು ದಿನ ರಜೆ ಹಾಕಿರಲಿಲ್ಲ. ಅವತ್ತಿನ ಹಾಲಿ ಪರಿಸ್ಥಿತಿ ಏನೆಂದರೆ ಹಾಲಿಲ್ಲ. ಮೇವು ತಿನ್ನುತ್ತಾಳೆ, ಬೂಸಾ ತಿನ್ನುತ್ತಾಳೆ, ಕೆಚ್ಚಲಿಗೆ ಕೈ ಹಾಕಿದರೆ ಮಾತ್ರ ಮುಖ ತಿರುಗಿಸುತ್ತಾಳೆ. ಡೇರಿಯಲ್ಲಿ ಅಪ್ಪನ ಕ್ಯಾನು ನೋಡಿ 'ಏನ್ ಶಿವಣ್ಣ, ಕಾಫಿಗೆ ತಂದ್ಯಾ?' ಅಂತ ಕೇಳಿದರಂತೆ. ದನದ ಡಾಕ್ಟರು ಬಂದು ನೋಡಿ, ಕಾಯಿಲೆ ಏನೂ ಇಲ್ಲ, ಕರೆಯುವವರ ಕೈ ಬದಲಾಗಿದೆ, ಅಷ್ಟೇ ಅಂದರು.

ಅಪ್ಪ ಹಾಲು ಕರೆಯುವುದು ನಿನಗೆ ಗೊತ್ತಲ್ಲ, ಬೋರ್‌ವೆಲ್ ಹ್ಯಾಂಡಲ್ ಹೊಡೆದ ಹಾಗೆ. ಮಾತಿಲ್ಲ, ಕತೆಯಿಲ್ಲ. ಪಕ್ಕದ ಮನೆ ಮಂಗಮ್ಮ ಉಪಾಯ ಹೇಳಿಕೊಟ್ಟಳು, ನಿನ್ನ ಹಳೆ ಸೀರೆ ಹೊದ್ದುಕೊಂಡು ಕೂತರೆ ವಾಸನೆಗೆ ಹಸು ಮೋಸಹೋಗುತ್ತದೆ ಅಂತ. ಅಪ್ಪ ನಿನ್ನ ಕೆಂಪು ಅಂಚಿನ ಸೀರೆ ಹೊದ್ದು, ಮೀಸೆ ಬಿಟ್ಟು ಮಿಕ್ಕೆಲ್ಲ ನಿನ್ನ ಹಾಗೇ ಕೂತರು. ಬಂಗಾರಿ ಒಮ್ಮೆ ಮೂಸಿದಳು, ಒಮ್ಮೆ ಮೀಸೆ ನೋಡಿದಳು, ಬಕೀಟಿಗೆ ಒದ್ದಳು. ನೀನು ಅವಳ ಹತ್ತಿರ ಬಾರೇ ನನ್ನ ತಾಯಿ ಅನ್ನುವುದಕ್ಕೆ 'ರಾವೇ ನಾ ತಲ್ಲೀ' ಅಂತ ತೆಲುಗಿನಲ್ಲಿ ಮಾತಾಡುತ್ತಿದ್ದೆ ಅಂತ ನೆನಪಾಗಿ, ನಾನು ಮೊಬೈಲಿನಲ್ಲಿ ತೆಲುಗು ಹಾಡು ಹಾಕಿ ಕಂಬಕ್ಕೆ ನೇತುಹಾಕಿದೆ. ಬಂಗಾರಿ ತಲೆದೂಗಿದಳು. ಹಾಲು ಬಿಡಲಿಲ್ಲ.

ಕೊನೆಗೆ ಅಪ್ಪನಿಗೆ ತಲೆಕೆಟ್ಟು 'ಆಲಿಲ್ದಿರೋ ಅಸ ಕಟ್ಕಂಡು ಪೂಜೆ ಮಾಡಾನಾ? ಬೈರಪ್ಪಂಗೆ ಏಳಿದ್ದೀನಿ, ಶುಕ್ರವಾರ ಒಡ್ಕಂಡೋಗ್ತಾನೆ' ಅಂದರು. ಬೈರಪ್ಪ ಅಂದರೆ ಬಂಗಾರಪೇಟೆ ಸಂತೆಯ ದನದ ದಲ್ಲಾಳಿ. ಅಮ್ಮ ಎಂದಿನಂತೆ ಒಲೆ ಕಡೆ ತಿರುಗಿದಳು. ನಮ್ಮ ಮನೆಯಲ್ಲಿ ಮಾತಿಗೆ ಯಾವಾಗಲೂ ರೇಷನ್ನೇ ತಾನೆ? ಅಪ್ಪ ಅಮ್ಮನನ್ನು ಕರೆಯುವುದು 'ಏಯ್ ನೀರು', 'ಏಯ್ ಊಟ' ಅಂತ. ನೀನು ಅಮ್ಮನಿಗೆ ಅನ್ನುವುದು 'ಏನಮ್ಮೀ, ಇದೂ ಒಂದು ಸಾರಾ?' ಅಂತ. ಇಷ್ಟು ವರ್ಷದಿಂದ ಅದೇ ಎರಡು ಮಾತಿನಲ್ಲಿ ಅಮ್ಮ ಸಂಸಾರ ಮಾಡಿದ್ದಾಳೆ. ಆದರೆ ಅವತ್ತು ಅವಳು ಕೊಟ್ಟಿಗೆಗೆ ಹೋಗಿ ಬಂಗಾರಿಯ ಕತ್ತಿನ ಗಂಗೆದೊಗಲು ಸವರುತ್ತಾ ನಿಂತಿದ್ದಳು. ನೀನು ವಾಪಸು ಬಂದು ಖಾಲಿ ಗೂಟ ನೋಡಿದರೆ ಏನಾಗಬಹುದು ಅಂತ ನಮ್ಮಿಬ್ಬರಿಗೂ ಹೇಳಿಕೊಳ್ಳದೆಯೇ ಗೊತ್ತಿತ್ತು.

ಹೋದ ವಾರ ಗುರುವಾರ ಸಂಜೆ ನಾನು ಮಂಗಮ್ಮನನ್ನು ಹಿಡಿದು ಕೂರಿಸಿದೆ. ಅವಳ ಕೊಟ್ಟಿಗೆಗೂ ನಮ್ಮದಕ್ಕೂ ನಡುವೆ ಎದೆಮಟ್ಟದ ಗೋಡೆ. ಅಜ್ಜಿ ದಿನಾ ಹಸುವಿನ ಹತ್ತಿರ ಏನು ಮಾತಾಡುತ್ತಿದ್ದಳು, ಸರಿಯಾಗಿ ಹೇಳು ಅಂದೆ. 'ಅಯ್ಯೋ, ನಾನೇನು ಕಿವಿ ಕೊಟ್ಟು ಕೇಳಿಲ್ಲಮ್ಮಾ. ಕಿವಿ ಇತ್ತು, ಕೇಳಿಸ್ತು' ಅಂದಳು. ಆಮೇಲೆ ನಿನ್ನ ಧ್ವನಿಯಲ್ಲೇ ಶುರುಮಾಡಿದಳು ನೋಡು! ತೆಲುಗು ಬರೀ ಪೀಠಿಕೆಯಂತೆ. ವಿಷಯವೆಲ್ಲ ಕನ್ನಡದಲ್ಲಿ. 'ನಮ್ಮ ಅನಸೂಯ ಬಂದ್ಮ್ಯಾಕೆ ಈ ಮನೇಲಿ ಒಂದಿನ ಒಲೆ ತಣ್ಣಗಿಲ್ಲ ಕಣೇ ಬಂಗಾರಿ. ನಾನು ಎತ್ತ ಮಗಳಿಗಿಂತ ಒಂದು ತೂಕ ಜಾಸ್ತಿನೇಯ. ಅವಳ ಮುಂದೆ ಏಳಾಕೆ ನನಗೆ ಬಾಯಿ ಬರಾಕಿಲ್ಲ, ನೀನು ಕೇಳಿಸ್ಕ.' (ಸಹನ, ಈ ಸಾಲನ್ನು ಇಂದ್ರಾಣಿ ಅತ್ತೆ ನೀರಿಗೆ ಹೋದಾಗ ಓದು.) ಅಪ್ಪನ ಬಗ್ಗೆಯೂ ಇತ್ತು: 'ಸಿವು ಮುಂಗೋಪಿ, ಆದ್ರೆ ಕಷ್ಟ ಬಂದಾಗ ಮೊದ್ಲು ಎದ್ದು ನಿಂತ್ಕಳೋನು ಅವನೇಯ.' ನನ್ನ ಬಗ್ಗೆ: 'ಚೈತ್ರಂಗೆ ನಾಲಿಗೆ ಉದ್ದ, ಮನಸ್ಸೂ ಉದ್ದ.' ಥ್ಯಾಂಕ್ಸ್ ಅಜ್ಜಿ, ಅರ್ಧಕ್ಕೆ ಮಾತ್ರ.

ಅಮ್ಮ ಸೊಪ್ಪು ಬಿಡಿಸುತ್ತಾ ಅಲ್ಲೇ ಕೂತಿದ್ದಳು. ಮಂಗಮ್ಮ ಹೇಳಿ ಮುಗಿಸಿದ ಮೇಲೆ ಅಮ್ಮನ ಮುಂದೆ ಎಲೆಯೆಲ್ಲ ಕಸದ ಮೊರದಲ್ಲಿ, ದಂಟೆಲ್ಲ ಪಾತ್ರೆಯಲ್ಲಿ. ಅವತ್ತು ರಾತ್ರಿ ನಾವು ತಿಂದದ್ದು ಬರೀ ದಂಟಿನ ಸಾರು. ಯಾರೂ 'ಇದೂ ಒಂದು ಸಾರಾ' ಅನ್ನಲಿಲ್ಲ.

ಶುಕ್ರವಾರ ಬೆಳಗ್ಗೆ ಕೊಟ್ಟಿಗೆಗೆ ಹೊರಟ ಅಪ್ಪನಿಗೆ ಮಂಗಮ್ಮನ ಮಾತೆಲ್ಲ ಒಪ್ಪಿಸಿ ಹೇಳಿದೆ: ಬೈರಪ್ಪ ಬರುವ ಮುಂಚೆ ಒಂದು ಸಲ ಅಜ್ಜಿ ಹೇಳುತ್ತಿದ್ದ ಹಾಗೇ ಹೇಳಿ ನೋಡಿ. 'ಲೇ, ನಾನು ಅಸಿನ ಮುಂದೆ ನಿಮ್ಮಮ್ಮನ್ನ ಒಗಳಾದಾ? ಎಂ.ಎ. ಓದಿ ನಿನಗೆ ಉಚ್ಚು ಇಡ್ದೈತೆ ಕಣೇ' ಅಂದರು. ಅಂದರೂ ಕೂತರು. ಗಂಟಲು ಸರಿಮಾಡಿಕೊಂಡರು. 'ಬಂಗಾರಿ...' ಮತ್ತೆ ಗಂಟಲು ಸರಿಮಾಡಿಕೊಂಡರು. 'ನಮ್ಮ... ಅನಸೂಯ...' ಅಜ್ಜಿ, ಅಪ್ಪನ ಬಾಯಲ್ಲಿ ಅಮ್ಮನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. 'ನಮ್ಮ ಅನಸೂಯ ಒಳ್ಳೇಳು ಕಣೇ. ನಾನು ಕೂಗಾಡ್ತೀನಿ, ಅವಳು ಕಟ್ಕಂಡೋನು ಅಂತ ಸುಮ್ನಿರ್ತಾಳೆ. ನನಗೆ ಗೊತ್ತಾಗಕಿಲ್ಲ ಅನ್ಕಂಡವ್ಳೆ...' ಅಪ್ಪನ ಧ್ವನಿ ಇಳಿಯಿತು, ಕೈಯೂ ಮೆತ್ತಗಾಯಿತು. ಬಂಗಾರಿ ಕಿವಿ ಹಿಂದಕ್ಕೆ ತಿರುಗಿಸಿ ನಿಂತಳು. ಬಕೀಟಿನ ತಳಕ್ಕೆ ಮೊದಲ ಹಾಲು ಬಿದ್ದ ಸದ್ದು ಕೇಳಿತು.

ಇದು ಮಾತಿನ ಮಹಿಮೆಯೋ, ಮಾತಾಡುವಾಗ ಮೆತ್ತಗಾದ ಕೈಯ ಮಹಿಮೆಯೋ ಬಂಗಾರಿಯನ್ನೇ ಕೇಳಬೇಕು. ನನಗನ್ನಿಸುವುದು, ಬಾಯಿ ಗಡುಸಾಗಿರುವಾಗ ಕೈ ಮಾತ್ರ ಮೃದುವಾಗಿರಲು ಯಾರಿಂದಲೂ ಆಗುವುದಿಲ್ಲ. ತರಗತಿಯಲ್ಲಿ ಭಾಷೆಯ ಶಕ್ತಿ ಅಂತ ಪಾಠ ಮಾಡಿ ಮಕ್ಕಳನ್ನು ಮಲಗಿಸಿದ್ದೇನೆ. ಇನ್ನು ಮೇಲೆ ಕೊಟ್ಟಿಗೆಯಿಂದ ಶುರುಮಾಡುತ್ತೇನೆ.

ಬೈರಪ್ಪ ಟೆಂಪೋ ತಂದ. ಅಪ್ಪ ಅವನಿಗೆ ಬಂಗಾರಿಯ ಹಾಲಿನದೇ ಕಾಫಿ ಕೊಡಿಸಿ, ಖಾಲಿ ಟೆಂಪೋ ವಾಪಸು ಕಳಿಸಿದರು. ಈಗ ದಿನಾ ಬೆಳಗ್ಗೆ ಅಪ್ಪನ ಭಾಷಣ, ಡೇರಿಗೆ ಕ್ಯಾನು. ನಿನ್ನೆ ಊಟಕ್ಕೆ ಕೂತು, ಅಭ್ಯಾಸಬಲದಿಂದ 'ಏಯ್' ಅಂದವರು ನಿಲ್ಲಿಸಿ, 'ಅನಸೂಯಾ, ನೀರು' ಅಂದರು. ಅಮ್ಮ ಗಾಬರಿಯಾಗಿ ಮಜ್ಜಿಗೆ ತಂದಳು.

ಅತ್ತೆ, ಮಾವನಿಗೆ ನಮಸ್ಕಾರ ಹೇಳು. ಸಹನಳ ಬೆನ್ನಿಗೆ ನನ್ನ ಲೆಕ್ಕದಲ್ಲಿ ಒಂದು ಗುದ್ದು. ನಿನ್ನ ಮುರಿದ ಕಾಲಿಗೂ ಮುರಿಯದ ಕಾಲಿಗೂ ನನ್ನ ನಮಸ್ಕಾರ.

ನಿನ್ನ ಉದ್ದ ನಾಲಿಗೆಯ ಮೊಮ್ಮಗಳು,
ಚೈತ್ರ

ತಾ.ಕ.: ರೈಲು ಕೂಗಿತು, ಅವಸರದಲ್ಲಿ ಬರೆಯುತ್ತಿದ್ದೇನೆ. 'ಬಂಗಾರಿ ಈಗ ಶಿವೂಗೂ ಹಾಲು ಕೊಡ್ತಾಳೆ, ಇನ್ನು ನಾನ್ಯಾಕೆ' ಅಂತ ಅಲ್ಲೇ ಕೂತುಬಿಡಬೇಡ. ಅಮ್ಮ ಈಗ ದಿನಾ ಬೆಳಗ್ಗೆ ಸೊಪ್ಪಿನ ಮೊರ ತಂದು ಕೊಟ್ಟಿಗೆ ಗೋಡೆಯ ಈಚೆ ಕೂರುತ್ತಾಳೆ. ಅಪ್ಪನ ಭಾಷಣ ಮುಗಿದ ಮೇಲೂ ಏಳುವುದಿಲ್ಲ. ಬೇಗ ಬಾ. ಅವಳ ಮುಖ ನೋಡಿ ಹೇಳುವುದಕ್ಕೆ ನಿನಗೆ ಬಾಯಿ ಬಾರದಿದ್ದರೆ ಬೇಡ. ಬಂಗಾರಿಗೇ ಹೇಳು, ಸ್ವಲ್ಪ ಜೋರಾಗಿ.