ಎರಡು ಬೆರಳು ಹಗ್ಗ

ನನ್ನ ಚಂದ್ರಾಮರಿಗೆ, ನಾಚಾರಂನ ಅದೇ ಮಹಡಿಯಿಂದ ಸುಮಂಗಲಾ ಬರೆಯುವುದು.

ನೀವು ಹೋಗಿ ಎಂಟು ತಿಂಗಳಾಯಿತು. ಹನ್ನೊಂದು ವರ್ಷ ಆಕಾಶದಲ್ಲಿ ಹಾರಿಯೂ ಏನೂ ಆಗದವರು ನಾಲ್ಕು ದಿನದ ಜ್ವರಕ್ಕೆ ಮಂಚದ ಮೇಲೇ ತೀರಿಹೋದಿರಿ. ದಿನಾ ಡೈರಿ ಬರೆಯುತ್ತೇನೆ. ಇದನ್ನು ಮಾತ್ರ ನಿಮಗೇ ಹೇಳಬೇಕು.

ನಾನು ಹೊಲಿದು ರಿಪೇರಿ ಮಾಡಿದ ಪ್ಯಾರಾಗ್ಲೈಡರ್ ರೆಕ್ಕೆಯನ್ನು ಬೇರೆ ಯಾರೂ ಹಾರಿಸುವ ಮೊದಲು ನೀವೇ ಹಾರಿಸಿ ನೋಡುತ್ತಿದ್ದಿರಿ. ಟೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಕಲಿತ ನನ್ನನ್ನು ನಂಬಿ ರಿಪೇರಿಗೆ ರೆಕ್ಕೆ ತಂದುಕೊಟ್ಟ ಮೊದಲನೆಯವರೂ ನೀವೇ. ಸಣ್ಣವರಿದ್ದಾಗ ಬೇವಿನ ಮರದಿಂದ ಬಿದ್ದಿದ್ದರಿಂದ ನಿಮ್ಮ ಬಲಮೊಣಕೈ ಮೇಲಕ್ಕೆ ಪೂರ್ತಿ ಚಾಚುತ್ತಿರಲಿಲ್ಲ. ಅದಕ್ಕೇ ನಿಮ್ಮ ಕಿತ್ತಳೆ ರೆಕ್ಕೆಗೆ ತಿರುಗಲು, ಇಳಿಯಲು ಎಳೆಯುವ ಬಲಗಡೆಯ ಬ್ರೇಕ್ ಹಗ್ಗವನ್ನು, ಹಿಡಿ ಕೆಳಗೇ ಸಿಗಲೆಂದು, ಎರಡು ಬೆರಳು ಹೆಚ್ಚು ಉದ್ದ ಬಿಡುತ್ತಿದ್ದೆ. "ಅಂಗಿ ಹೊಲಿಯೋ ಹಂಗ ಅಳತಿ ತಗೋತೀಯಲ್ಲ" ಎಂದು ನಗುತ್ತಿದ್ದಿರಿ.

ಹೋದ ತಿಂಗಳು ಸರ್ಕಾರದ ಒಂದು ಕರಡು ನಿಯಮ ಬಂತು. ವಿಮಾನಗಳ ದಾರಿ ಅಗಲವಾಗಿ, ನೀವು ಹಾರುತ್ತಿದ್ದ ಗುಡ್ಡದ ಮೇಲಿನ ಆಕಾಶವೂ ಅದರೊಳಗೆ ಸೇರುತ್ತದಂತೆ. ಪ್ರತಿ ಸಲ ಹಾರಲು ಮೂರು ದಿನ ಮೊದಲು ಅರ್ಜಿ ಹಾಕಬೇಕು. ರಿಪೇರಿಯನ್ನು ಲೈಸೆನ್ಸ್ ಇದ್ದವರೇ ಮಾಡಬೇಕು. ನಿಮ್ಮ ಶಿಷ್ಯ ನಿಶಾಂತ ಅದನ್ನು ಓದಿ ಹೇಳಿ, "ಗಾಳಿ ಏನು ಮೂರು ದಿನ ಮೊದ್ಲ ಫೋನ್ ಮಾಡತೈತೇನ್ರಿ ವೈನಿ?" ಎಂದ. ಎಂಟು ತಿಂಗಳಲ್ಲಿ ಮೊದಲ ಸಲ ನಕ್ಕೆ. ಆ ನಿಯಮದ ಬಗ್ಗೆ ಅಧಿಕಾರಿಗಳು ಕರೆದ ಅಹವಾಲು ಸಭೆಗೆ ನಾನೂ ಬರಬೇಕೆಂದ. "ವೈನಿ ಕೈಯಾಗ ರಿಪೇರಿ ಆದ ಒಂದೂ ರೆಕ್ಕಿ ಬಿದ್ದಿಲ್ಲ. ಅಷ್ಟ ಹೇಳ್ರಿ, ಸಾಕು."

ಸಭೆಗೆ ಎರಡು ದಿನ ಮೊದಲು, ಭಾನುವಾರ, ನಾನು ಹೊಸ ಹಗ್ಗ ಕಟ್ಟಿಕೊಟ್ಟ ರೆಕ್ಕೆಯಲ್ಲಿ ಅವನು ಹಾರಿದ. ಗುಡ್ಡದಲ್ಲಿ ನೀವು ಕೂರುತ್ತಿದ್ದ ಬಂಡೆಯ ಮೇಲೆ ಕೂತು ನೋಡುತ್ತಿದ್ದೆ. ಇಳಿಯುವಾಗ ಎರಡೂ ಕೈಯಿಂದ ಸಮನಾಗಿ ಎಳೆದರೂ ರೆಕ್ಕೆ ಎಡಕ್ಕೆ ವಾಲಿತು. ಜಾಲಿಮುಳ್ಳಿನಲ್ಲಿ ಬಿದ್ದು ಅವನ ಪಾದದ ಕೀಲು ಮುರಿಯಿತು.

ಓಡಿಹೋಗಿ ಎರಡೂ ಬ್ರೇಕ್ ಹಗ್ಗಗಳನ್ನು ಜೋಡಿಸಿ ಹಿಡಿದೆ. ಬಲಗಡೆಯದು ಎರಡು ಬೆರಳು ಉದ್ದ.

ಯಾರೂ ಕೇಳಿರಲಿಲ್ಲ. ನನ್ನ ಬೆರಳುಗಳು ನಿಮ್ಮ ಮೊಣಕೈಯ ಅಳತೆಗೇ ಗಂಟು ಹಾಕಿದ್ದವು, ನೀವಿಲ್ಲ ಎಂಬುದು ಅವಕ್ಕೆ ತಿಳಿಯದಂತೆ.

ಪ್ಲಾಸ್ಟರ್ ಹಾಕಿಸಿಕೊಂಡು ನಿಶಾಂತ ನನ್ನ ಕೈ ಹಿಡಿದ. "ಗಾಳಿ ಕೆಟ್ಟಿತ್ತು ಅನ್ರಿ. ಗಂಟಿನ ಮಾತ ಎತ್ತಬ್ಯಾಡ್ರಿ. ಎತ್ತಿದ್ರ ಗುಡ್ಡ ಹೋಗತೈತಿ." ಆ ಗುಡ್ಡ ಹೋದರೆ ನೀವು ನಿಂತ ಜಾಗ ಯಾವುದು ಉಳಿಯುತ್ತದೆ ನನಗೆ? ಆಗಲಿ ಎಂದು ತಲೆಯಾಡಿಸಿ ಬಂದೆ.

ಸಭೆಯಲ್ಲಿ ನನ್ನ ಹೆಸರು ಕರೆದರು. ಎದ್ದು ನಿಂತೆ. ಗಾಳಿ ಕೆಟ್ಟಿತ್ತು ಎನ್ನಲು ಬಾಯಿ ಬರಲಿಲ್ಲ. ಗಾಳಿಯ ಮೇಲೆ ಸುಳ್ಳು ಹೇಳುವವರನ್ನು ಕಂಡರೆ ನಿಮಗೆ ಆಗುತ್ತಿರಲಿಲ್ಲ. ನನ್ನ ಹರಕು ಹಿಂದಿಯಲ್ಲಿ ಹೇಳಿದೆ: ಗಾಳಿ ಚೆನ್ನಾಗಿತ್ತು, ಗಂಟು ನನ್ನದು, ಬೇರೆಯವರ ಅಳತೆಗೆ ಹಾಕಿಬಿಟ್ಟೆ. ನನ್ನ ಕೈಗೆ ಪರೀಕ್ಷೆ ಇಡಿ, ಬೇಕಾದರೆ ಹೊಲಿಗೆ ಮಷಿನ್ ಬಿಡಿಸಿ. ನನ್ನ ತಪ್ಪಿಗೆ ಗುಡ್ಡವನ್ನು ಮುಚ್ಚಬೇಡಿ. ಅಧಿಕಾರಿ ಬರೆದುಕೊಂಡು, ಆ ಅಳತೆ ಯಾರದು ಎಂದು ಕೇಳಿದರು. ನಾನು ಕೂತುಬಿಟ್ಟೆ.

ಸಭೆ ಮುಗಿಸಿ ಆಟೊದಲ್ಲಿ ಮೆಹದಿಪಟ್ಟಣಂ ದಾಟಿದೆವು. ನಿಶಾಂತ ಹೊರಗೆ ನೋಡುತ್ತ, "ಅಣ್ಣ ಇದ್ದಿದ್ರೂ ಹಿಂಗ ಹೇಳತಿದ್ದ. ಅದಕ್ಕ ಭಾಳ ಸಿಟ್ಟು ಬರಾಕತ್ತೈತಿ" ಎಂದು ಅತ್ತ.

ತೀರ್ಮಾನ ಇನ್ನೂ ಬಂದಿಲ್ಲ. ನನ್ನ ಮಾತಿನಿಂದಲೇ ಗುಡ್ಡ ಹೋದರೂ ಹೋಗಬಹುದು. ಹೋದರೆ ನನ್ನನ್ನು ಕ್ಷಮಿಸಿ.

ಇವತ್ತು ನಿಮ್ಮ ಕಿತ್ತಳೆ ರೆಕ್ಕೆಯನ್ನು ಅಟ್ಟದಿಂದ ಕೆಳಗಿಳಿಸಿದೆ. ಬಲಗಡೆಯ ಗಂಟು ನಿಮ್ಮ ಬೆವರಿಗೆ ಬಿಗಿದು ಕಲ್ಲಾಗಿತ್ತು. ಬಿಚ್ಚಲು ಮಧ್ಯಾಹ್ನ ಪೂರ್ತಿ ಹಿಡಿಯಿತು. ಎರಡೂ ಹಗ್ಗ ಸಮ ಮಾಡಿ ಕಟ್ಟಿದೆ; ಮೂರು ಸಲ ಅಳೆದೆ. ಆಕಾಶ ಉಳಿದರೆ, ಕಾಲು ಕೂಡಿದ ಮೇಲೆ ನಿಶಾಂತ ಹಾರಿಸಲಿ. ಅದು ಈಗ ಯಾರ ಕೈಗಾದರೂ ಸರಿಹೋಗುತ್ತದೆ. ನಿಮ್ಮ ಕೈಗೆ ಮಾತ್ರ ಸರಿಹೋಗುವುದಿಲ್ಲ.

ಕತ್ತರಿಸಿ ಉಳಿದ ಎರಡು ಬೆರಳು ಹಗ್ಗವನ್ನು ಈ ಹಾಳೆಗೇ ಹೊಲಿದಿದ್ದೇನೆ.

ನೀವಿರುವಲ್ಲಿ ಯಾರ ಅಪ್ಪಣೆಯೂ ಬೇಕಾಗದಿರಲಿ, ಗಾಳಿ ಒಳ್ಳೆಯದಿರಲಿ.

ನಿಮ್ಮ ಅಳತೆ ಮರೆಯಲಾರದ,
ಸುಮಂಗಲಾ